ಆಸ್ಪತ್ರೆಯ ಸೇವೆ: ಕಲಿಕೆ ಎಷ್ಟು, ಬಿಟ್ಟಿ ಎಷ್ಟು?

(ಗಿರಣಿ ಕೆಲಸಗಾರರ ಹಾಗೂ ಸಣ್ಣ ವ್ಯಾಪಾರಿಗಳ ಮನೆಯ ತರುಣ ತರುಣಿಯರಿಗಾಗಿ ಕರೆದಿದ್ದ ಸಭೆಯಲ್ಲಿ ಮಾಡಿದ ಭಾಷಣ)



ನನಗೆ ಇಲ್ಲಿ ಕೊಟ್ಟಿರುವ ವಿಷಯ ನೋಡಲು ಚಿಕ್ಕದು. ಆಸ್ಪತ್ರೆಯಲ್ಲಿ ಸಂಬಳವಿಲ್ಲದೆ ಕೆಲವು ಕಾಲ ಸೇವೆ ಮಾಡಿ ಆ ಕೆಲಸದ ಅನುಭವ ಪಡೆಯುವುದು ಒಳ್ಳೆಯದೋ ಅಲ್ಲವೋ? ಒಳ್ಳೆಯದಾದರೆ ಹೇಗೆ ಮಾಡಬೇಕು? ಇಷ್ಟೇ ಪ್ರಶ್ನೆ. ಆದರೆ ಈ ಪ್ರಶ್ನೆ ನಿಮ್ಮ ಮನೆಗಳಲ್ಲಿ ಈಗಾಗಲೇ ಎದ್ದಿದೆ ಎಂಬುದು ನನಗೆ ಗೊತ್ತು. ಮಗಳು ನರ್ಸ್ ಆಗಬೇಕೆನ್ನುತ್ತಾಳೆ. ಮಗ ಲ್ಯಾಬ್ ಕೆಲಸ ಕಲಿಯಬೇಕೆನ್ನುತ್ತಾನೆ. ಆಗ ಯಾರೋ ಒಬ್ಬರು ಬಂದು, ‘ಮೊದಲು ಒಂದು ವರ್ಷ ಆ ನರ್ಸಿಂಗ್ ಹೋಮಿಗೆ ಕಳಿಸಿ, ಸಂಬಳ ಕೇಳಬೇಡಿ, ಅನುಭವ ಬರುತ್ತದೆ’ ಎಂದು ಹೇಳುತ್ತಾರೆ. ಹೇಳಿದವರ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವೇನು ಎಂಬುದನ್ನು ತಿಳಿದುಕೊಳ್ಳದೆ ಮಕ್ಕಳನ್ನು ಕಳಿಸಬಾರದು. ಆದಕಾರಣ ನಾನು ಇಂದು ಮೂರು ಮಾತು ಹೇಳುತ್ತೇನೆ. ಈ ಸೇವೆಯಿಂದ ಏನು ಸಿಗುತ್ತದೆ, ಅಲ್ಲಿ ಏನು ಮಾಡಬಹುದು ಏನು ಮಾಡಕೂಡದು, ಮತ್ತು ಸೇವೆ ಎಂಬುದು ಎಲ್ಲಿ ಬಿಟ್ಟಿ ದುಡಿಮೆಯಾಗುತ್ತದೆ.

ಮೊದಲು ಒಂದು ಭ್ರಮೆಯನ್ನು ಕಳೆದುಕೊಳ್ಳೋಣ. ಅಮೆರಿಕದಲ್ಲಿ ವೈದ್ಯಕೀಯ ಕಾಲೇಜು ಸೇರಬಯಸುವ ವಿದ್ಯಾರ್ಥಿ ಆಸ್ಪತ್ರೆಯಲ್ಲಿ ಎಷ್ಟು ಕಾಲ ಸೇವೆ ಮಾಡಿದ್ದಾನೆ ಎಂಬುದನ್ನು ಅಲ್ಲಿನ ಕಾಲೇಜುಗಳು ಕೇಳುತ್ತವೆ. ಹೈಸ್ಕೂಲು ಹುಡುಗಿಯರು ಕೆಂಪು ಬಿಳಿ ಪಟ್ಟೆಯ ಮೇಲಂಗಿ ತೊಟ್ಟು ವಾರ್ಡುಗಳಲ್ಲಿ ಹೂವು, ಪತ್ರ, ಊಟದ ತಟ್ಟೆ ಹಂಚುವ ಪದ್ಧತಿ ಅಲ್ಲಿ 1944ರಲ್ಲಿ ನ್ಯೂಜೆರ್ಸಿಯ ಈಸ್ಟ್ ಆರೆಂಜ್ ಊರಿನ ಆಸ್ಪತ್ರೆಯಲ್ಲಿ ಶುರುವಾಗಿ ದೇಶಕ್ಕೆಲ್ಲ ಹಬ್ಬಿತು. ನಮ್ಮಲ್ಲಿ ಹಾಗಿಲ್ಲ. ಇಲ್ಲಿ ಎಂ.ಬಿ.ಬಿ.ಎಸ್. ಸೀಟು ನೀಟ್ ಪರೀಕ್ಷೆಯ ಅಂಕದಿಂದ ಸಿಗುತ್ತದೆ. ನರ್ಸಿಂಗ್ ಮೊದಲಾದ ಕೋರ್ಸುಗಳಿಗೆ ಪಿಯುಸಿ ಅಂಕವನ್ನೋ ಪ್ರವೇಶ ಪರೀಕ್ಷೆಯ ಅಂಕವನ್ನೋ ನೋಡುತ್ತಾರೆ. ನೀವು ನೂರು ದಿನ ರೋಗಿಗಳ ಸೇವೆ ಮಾಡಿದಿರೆಂದು ಯಾರೂ ಒಂದು ಅಂಕವನ್ನೂ ಹೆಚ್ಚು ಕೊಡುವುದಿಲ್ಲ. ‘ಇಲ್ಲಿ ಒಂದು ವರ್ಷ ಕೆಲಸ ಮಾಡಿದರೆ ಸೀಟು ಸುಲಭ’ ಎಂದು ಯಾರಾದರೂ ಹೇಳಿದರೆ, ಅವರು ಸುಳ್ಳು ಹೇಳುತ್ತಿದ್ದಾರೆ.

ಹಾಗಾದರೆ ಏಕೆ ಹೋಗಬೇಕು? ಮಾರುಕಟ್ಟೆಯ ಮಿತ್ರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹತ್ತಿ ಕೊಳ್ಳುವವನು ಅಂಡಿಗೆಯಿಂದ ಒಂದು ಚಿಟಿಕೆ ಎಳೆದು, ಎಳೆಯ ಉದ್ದ ನೋಡಿ, ಆಮೇಲೆ ಬೆಲೆ ಹೇಳುತ್ತಾನೆ. ಜಿ.ಎನ್.ಎಂ. ಎಂಬ ನರ್ಸಿಂಗ್ ಡಿಪ್ಲೊಮಾ ಮೂರು ವರ್ಷ. ಬಿ.ಎಸ್‌ಸಿ. ನರ್ಸಿಂಗ್ ನಾಲ್ಕು ವರ್ಷ. ಎಂ.ಬಿ.ಬಿ.ಎಸ್. ನಾಲ್ಕೂವರೆ ವರ್ಷ, ಅದರ ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಇಷ್ಟು ವರ್ಷಗಳ ಶುಲ್ಕಕ್ಕೆ ಒಂದು ಗಿರಣಿ ಕೆಲಸಗಾರನ ಮನೆಯಲ್ಲಿ ಭವಿಷ್ಯ ನಿಧಿಯ ಹಣ ಹೋಗುತ್ತದೆ, ತಾಯಿಯ ಕೊರಳಿನದು ಅಡವಿಗೆ ಹೋಗುತ್ತದೆ. ಎರಡನೆಯ ವರ್ಷ ಮಗಳು ರಕ್ತ ನೋಡಲಾರೆ, ಕೀವಿನ ವಾಸನೆ ತಾಳಲಾರೆ, ರಾತ್ರಿ ಪಾಳಿ ಆಗದು ಎಂದು ಮನೆಗೆ ಬಂದರೆ ಆ ಸಾಲ ಮಾತ್ರ ಮನೆಯಲ್ಲೇ ಉಳಿಯುತ್ತದೆ. ಮೂರು ತಿಂಗಳು ವಾರಕ್ಕೆರಡು ದಿನ ವಾರ್ಡಿನಲ್ಲಿ ನಿಂತವಳಿಗೆ ತನ್ನ ಮನಸ್ಸೇನು, ತನ್ನ ಹೊಟ್ಟೆಯ ಗಟ್ಟಿತನವೇನು ಎಂಬುದು ತಿಳಿದಿರುತ್ತದೆ. ನೀರಿಗಿಳಿಯದೆ ಈಜು ಬಾರದು. ಆದರೆ ನಡುಹೊಳೆಗೆ ಧುಮುಕುವ ಮುಂಚೆ ದಂಡೆಯ ನೀರಿಗೆ ಇಳಿದು ನೋಡುವುದು ಜಾಣತನ.

ಇದು ಒಂದು ಲಾಭ. ಇನ್ನೊಂದು ದೊಡ್ಡ ಲಾಭವಿದೆ. ಅದನ್ನು ಗಾಂಧೀಜಿಯವರ ಬದುಕಿನಿಂದ ಹೇಳುವುದು ಮೇಲು.

ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ವಕೀಲರಾಗಿದ್ದಾಗ ಗಾಂಧೀಜಿಯವರಿಗೆ ರೋಗಿಗಳ ಶುಶ್ರೂಷೆಯ ಹಂಬಲ ಹತ್ತಿತು. ಡಾಕ್ಟರ್ ಬೂತ್ ಎಂಬ ಪಾದ್ರಿ ವೈದ್ಯರು ಸೇಂಟ್ ಏಡನ್ಸ್ ಮಿಷನ್ನಿನ ಮುಖ್ಯಸ್ಥರಾಗಿದ್ದರು. ಪಾರ್ಸಿ ರುಸ್ತುಂಜಿ ಎಂಬ ವ್ಯಾಪಾರಿ ಹಣ ಕೊಟ್ಟರು, ಬೂತ್ ಅವರು ನಡೆಸಿದರು, ಹೀಗೆ ಒಂದು ಸಣ್ಣ ಧರ್ಮಾಸ್ಪತ್ರೆ ಎದ್ದಿತು. ಅಲ್ಲಿ ಗಾಂಧೀಜಿ ದಿನಕ್ಕೆ ಒಂದೆರಡು ಗಂಟೆ ಹೋಗಿ ಕೆಲಸ ಮಾಡುತ್ತಿದ್ದರು. ರೋಗಿಗಳ ತೊಂದರೆ ಕೇಳುವುದು, ಅದನ್ನು ವೈದ್ಯರ ಮುಂದೆ ಇಡುವುದು, ವೈದ್ಯರು ಬರೆದುಕೊಟ್ಟ ಔಷಧವನ್ನು ಹಂಚುವುದು. ಕೋರ್ಟಿನ ಕೆಲಸಕ್ಕೆ ತೊಡಕಾಗದಂತೆ ಹೊತ್ತು ಹೊಂದಿಸಿಕೊಂಡಿದ್ದರು. ಅಲ್ಲಿಗೆ ಬರುತ್ತಿದ್ದವರು ಯಾರು? ಬಹುಪಾಲು ಗಿರ್ಮಿಟಿನ ಕೂಲಿಗಳು. ತಮಿಳರು, ತೆಲುಗರು, ಉತ್ತರ ಹಿಂದುಸ್ಥಾನದವರು. ಕಬ್ಬಿನ ತೋಟಗಳಲ್ಲಿಯೂ ಕಲ್ಲಿದ್ದಲ ಗಣಿಗಳಲ್ಲಿಯೂ ಕರಾರಿನ ಹಗ್ಗದಲ್ಲಿ ಕಟ್ಟಿಸಿಕೊಂಡು ದುಡಿಯುತ್ತಿದ್ದ ಜನ. ಕೋರ್ಟಿನಲ್ಲಿ ನೋಡುವ ಕೂಲಿ ಒಂದು ಅರ್ಜಿಯ ಹಿಂದೆ ಇರುತ್ತಾನೆ. ಆಸ್ಪತ್ರೆಯ ಬೆಂಚಿನ ಮೇಲೆ ಅವನ ಕೈಗಾಯ, ಅವನ ಕೆಮ್ಮು, ಅವನ ಹೆಂಡತಿಯ ಭಯ ಎಲ್ಲವೂ ಎದುರಿಗೇ ಇರುತ್ತವೆ.

1899ರಲ್ಲಿ ಬೋಯರ್ ಯುದ್ಧ ಶುರುವಾಯಿತು. ಗಾಯಾಳುಗಳನ್ನು ಹೊರಲು ಭಾರತೀಯರ ಒಂದು ದಳ ಕಟ್ಟಲಾಯಿತು. ಸುಮಾರು 1,100 ಮಂದಿ. ಅದರಲ್ಲಿ ಸುಮಾರು 800 ಮಂದಿ ಗಿರ್ಮಿಟಿನ ಕೂಲಿಗಳೇ. ಅವರ ಮುಂದಾಳುಗಳಿಗೆ ಶುಶ್ರೂಷೆಯ ಪಾಠ ಹೇಳಿಕೊಟ್ಟವರು ಅದೇ ಡಾಕ್ಟರ್ ಬೂತ್. ಡೋಲಿ ಹೊತ್ತು ಒಂದೊಂದು ದಿನ ಇಪ್ಪತ್ತು ಇಪ್ಪತ್ತೈದು ಮೈಲಿ ನಡೆಯಬೇಕಾದ ದಿನಗಳೂ ಇದ್ದವು. ಆ ಹೊತ್ತಿಗೆ ಆ ಸಣ್ಣ ಆಸ್ಪತ್ರೆಯ ಅನುಭವ ಕೈಹಿಡಿಯಿತೆಂದು ಗಾಂಧೀಜಿ ತಾವೇ ಬರೆದುಕೊಂಡಿದ್ದಾರೆ. ಆ ಯುದ್ಧದಲ್ಲಿ ಬ್ರಿಟಿಷರ ಪಕ್ಷ ಹಿಡಿದದ್ದು ಸರಿಯೇ ತಪ್ಪೇ ಎಂಬ ವಾದ ಬೇರೆ; ಅದನ್ನು ಇನ್ನೊಂದು ದಿನ ಮಾಡೋಣ. ಇಂದಿನ ವಿಷಯಕ್ಕೆ ಬೇಕಾದ ಪಾಠ ಇಷ್ಟು: ಬಿಕ್ಕಟ್ಟಿನ ದಿನ ಕೈಗೆ ಬರುವ ವಿದ್ಯೆ ಸಾಮಾನ್ಯ ದಿನಗಳಲ್ಲಿ ಒಂದೊಂದು ಗಂಟೆಯಂತೆ ಕಲಿತ ವಿದ್ಯೆ. ಅಲ್ಲದೆ ದಿನಕ್ಕೆ ಒಂದೆರಡು ಗಂಟೆ ಸಾಕು. ಹೊಟ್ಟೆಪಾಡಿನ ಕೆಲಸ ಬಿಡಬೇಕಾಗಿಲ್ಲ.

ಈಗ ನಮ್ಮ ಕಾಲಕ್ಕೆ ಹತ್ತಿರ ಬರೋಣ. ಛತ್ತೀಸಗಡದ ದಲ್ಲಿ ರಾಜಹರ ಎಂಬ ಊರಿದೆ. ಭಿಲಾಯಿ ಉಕ್ಕಿನ ಕಾರ್ಖಾನೆಗೆ ಕಬ್ಬಿಣದ ಅದಿರು ಹೋಗುವುದು ಅಲ್ಲಿಯ ಗುಡ್ಡಗಳಿಂದ. ಗುತ್ತಿಗೆಯ ಗಣಿ ಕೂಲಿಗಳು 1977ರಲ್ಲಿ ಶಂಕರ ಗುಹಾ ನಿಯೋಗಿಯವರ ಮುಂದಾಳುತನದಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ಅದೇ ವರ್ಷ ಜೂನ್ 2 ಮತ್ತು 3ರಂದು ಪೊಲೀಸರು ಗುಂಡು ಹಾರಿಸಿದರು. 11 ಮಂದಿ ಸತ್ತರು. ಅಲ್ಲಿಗೆ ಸಂಘ ಮುರಿಯಲಿಲ್ಲ. ಕೂಲಿ ಏರಿತು. ಆದರೆ ಕೂಲಿ ಏರಿದ ಮಾತ್ರಕ್ಕೆ ಆರೋಗ್ಯ ಬರಲಿಲ್ಲ. ಸಂಘದ ಉಪಾಧ್ಯಕ್ಷೆ ಕುಸುಮ್ ಬಾಯಿ ಹೆರಿಗೆಯ ಸಮಯದಲ್ಲಿ ತಕ್ಕ ಚಿಕಿತ್ಸೆ ಸಿಗದೆ ತೀರಿಕೊಂಡರು. ಸಾವಿರಾರು ಜನರ ಮುಂದಾಳಾದ ಹೆಂಗಸಿನ ಗತಿಯೇ ಇದಾದರೆ ಉಳಿದವರ ಪಾಡೇನು? ಅಂದು ಕೂಲಿಗಳು ಮಾಡಿದ ತೀರ್ಮಾನವೆಂದರೆ, ನಮ್ಮ ಹೆರಿಗೆ ಮನೆ, ನಮ್ಮ ಆಸ್ಪತ್ರೆ ನಾವೇ ಕಟ್ಟಬೇಕು ಎಂಬುದು.

1982ರಲ್ಲಿ ಸಂಘದ ಕಚೇರಿಯಲ್ಲೇ ಒಂದು ಔಷಧಾಲಯ ತೆರೆದರು. 1983ರ ಜೂನ್ 3ರಂದು, ಗುಂಡೇಟಿಗೆ ಸತ್ತವರ ನೆನಪಿನ ದಿನ, ಶಹೀದ್ ಆಸ್ಪತ್ರೆ 15 ಹಾಸಿಗೆಗಳಿಂದ ಶುರುವಾಯಿತು. ದುಡ್ಡು ಕೂಲಿಗಳದು, ಗಾರೆ ಕಲೆಸಿದ ಕೈ ಕೂಲಿಗಳದು. ಡಾ. ಬಿನಾಯಕ ಸೇನ್, ಡಾ. ಶೈಬಾಲ್ ಜಾನಾ ಮೊದಲಾದ ವೈದ್ಯರು ಬಂದು ಸೇರಿಕೊಂಡರು. ಆದರೆ ನಾಲ್ಕಾರು ವೈದ್ಯರಿಂದ ಆಸ್ಪತ್ರೆ ನಡೆಯುವುದುಂಟೇ? ಗಣಿಯಲ್ಲಿ ಪಾಳಿ ಮುಗಿಸಿದ ಕೂಲಿ ಗಂಡಸರೂ ಹೆಂಗಸರೂ ಸ್ನಾನ ಮಾಡಿ ಆಸ್ಪತ್ರೆಗೆ ಬಂದು ಕೆಲಸ ಕಲಿತರು. ವೈದ್ಯರ ಕಣ್ಣೆದುರಿನಲ್ಲಿ ಗಾಯಕ್ಕೆ ಪಟ್ಟಿ ಕಟ್ಟಲು ಕಲಿತರು, ಜ್ವರ ನೋಡಿ ಬರೆಯಲು ಕಲಿತರು. ವಾಂತಿಭೇದಿಯಾದ ಮಗುವಿಗೆ ಉಪ್ಪು ಸಕ್ಕರೆಯ ನೀರು ಹೇಗೆ ಕೊಡಬೇಕೆಂದು ಬಸ್ತಿಯ ತಾಯಂದಿರಿಗೆ ಹೇಳಿಕೊಡಲು ಕಲಿತರು. ಬೇಡದ ಇಂಜೆಕ್ಷನ್, ಬೇಡದ ಟಾನಿಕ್ಕಿನಿಂದ ದುಡ್ಡು ಹಾಳು, ಮೈಯೂ ಹಾಳು ಎಂಬುದನ್ನು ತಾವು ತಿಳಿದು ಉಳಿದವರಿಗೆ ತಿಳಿಸಿದರು. ನಿಯೋಗಿಯವರನ್ನು 1991ರ ಸೆಪ್ಟೆಂಬರ್ 28ರಂದು ಭಿಲಾಯಿಯಲ್ಲಿ ಮಲಗಿದ್ದಲ್ಲೇ ಗುಂಡಿಟ್ಟು ಕೊಂದರು. ಆಸ್ಪತ್ರೆ ಮುಚ್ಚಲಿಲ್ಲ. ಅದು ನೂರಕ್ಕೂ ಹೆಚ್ಚು ಹಾಸಿಗೆಗಳ ಆಸ್ಪತ್ರೆಯಾಗಿ ಬೆಳೆಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ಆ ಕೂಲಿಗಳೂ ಸಂಬಳವಿಲ್ಲದೆ ದುಡಿದರು. ಆದರೆ ಅವರ ಬೆವರಿನಿಂದ ಯಾರ ತಿಜೋರಿಯೂ ತುಂಬಲಿಲ್ಲ. ಆಸ್ಪತ್ರೆ ಅವರದೇ. ರೋಗಿ ಅವರದೇ ಬಸ್ತಿಯವನು. ಕಲಿಸುವವನ ಕೈಯಲ್ಲಿ ಕಲಿತರು, ಕಲಿತದ್ದನ್ನು ಬಸ್ತಿಗೆ ಒಯ್ದರು. ಸೇವೆ ಎಂಬ ಮಾತಿಗೆ ಅರ್ಥ ಬರುವುದು ಇಂತಹ ಕಡೆ.

ನಮ್ಮ ನೆರೆಯ ಕೇರಳವನ್ನೂ ನೋಡಿ. 1993ರಲ್ಲಿ ಕೋಳಿಕೋಡಿನ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಅವರ ಗೆಳೆಯರು ಗುಣವಾಗದ ರೋಗಿಗಳ ನೋವು ತಗ್ಗಿಸುವ ಒಂದು ಸಣ್ಣ ವಿಭಾಗ ತೆರೆದರು. ಕ್ಯಾನ್ಸರ್ ಕೊನೆಯ ಹಂತಕ್ಕೆ ಬಂದಾಗ ‘ಇನ್ನೇನೂ ಮಾಡಲಿಕ್ಕಿಲ್ಲ, ಮನೆಗೆ ಒಯ್ಯಿರಿ’ ಎಂದು ಹೇಳಿ ಕಳಿಸುತ್ತಿದ್ದ ಕಾಲ. ಮಾಡಲಿಕ್ಕೆ ಬೇಕಾದಷ್ಟಿದೆ ಎಂದು ಇವರು ತೋರಿಸಿದರು. ಅಂಗಡಿಯವರು, ಮೇಷ್ಟರು, ಆಟೋ ಓಡಿಸುವವರು, ಗೃಹಿಣಿಯರು, ಕಾಲೇಜು ಹುಡುಗರು ತರಬೇತಿ ಪಡೆದು ನರ್ಸಿನ ಜೊತೆಯಲ್ಲಿ ಮನೆಮನೆಗೆ ಹೋದರು. ಮಗ್ಗಲು ಬದಲಾಯಿಸುವುದು ಹೇಗೆ, ಬೆನ್ನಿನ ಹುಣ್ಣು ಬಾರದಂತೆ ನೋಡಿಕೊಳ್ಳುವುದು ಹೇಗೆ ಎಂದು ಮನೆಯವರಿಗೆ ತೋರಿಸಿದರು. ದುಡಿಯುವವನೇ ಮಲಗಿದ ಮನೆಗೆ ಅಕ್ಕಿ ಒಯ್ದರು. ಸುಮ್ಮನೆ ಕುಳಿತು ರೋಗಿಯ ಮಾತು ಕೇಳಿದರು. ಈ ಕೆಲಸ ಊರೂರಿಗೆ ಹಬ್ಬಿದ ಮೇಲೆ 2008ರಲ್ಲಿ ಕೇರಳ ಸರ್ಕಾರ ಇದಕ್ಕಾಗಿ ನೀತಿಯನ್ನೇ ಮಾಡಬೇಕಾಯಿತು. ನಮ್ಮ ಬೆಂಗಳೂರಿನಲ್ಲಿಯೂ ಕರುಣಾಶ್ರಯ ಎಂಬ ಸಂಸ್ಥೆ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ರೋಗ ಗುಣಪಡಿಸುವುದು ಮಾತ್ರವೇ ವೈದ್ಯವಲ್ಲ. ವೈದ್ಯನಲ್ಲದವನೂ ಮಾಡಬಹುದಾದ ಕೆಲಸ ಅದರಲ್ಲಿ ಬಹಳವಿದೆ.

ಹಾಗಾದರೆ ನಮ್ಮ ಜಿಲ್ಲೆಯ ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ ಏನು ಮಾಡಬಹುದು? ನಾನು ಒಂದೊಂದಾಗಿ ಹೇಳುತ್ತೇನೆ.

ಹೊರರೋಗಿಗಳ ವಿಭಾಗದಲ್ಲಿ ಬೆಳಿಗ್ಗೆ ನಿಂತು ನೋಡಿ. ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದ ಮುದುಕಿ ಚೀಟಿ ಎಲ್ಲಿ ಮಾಡಿಸಬೇಕೆಂದು ತಿಳಿಯದೆ ಮೂರು ಸಾಲುಗಳಲ್ಲಿ ನಿಲ್ಲುತ್ತಾಳೆ. ರಕ್ತ ಪರೀಕ್ಷೆ ಒಂದು ಕಡೆ, ಎಕ್ಸ್‌ರೇ ಇನ್ನೊಂದು ಕಡೆ, ಔಷಧ ಮತ್ತೊಂದು ಕಡೆ. ಕೊನೆಗೆ ಕಿಟಕಿ ಮುಚ್ಚುವ ಹೊತ್ತು. ಅವಳ ಕೈಹಿಡಿದು ಸರಿಯಾದ ಬಾಗಿಲಿಗೆ ಒಯ್ಯುವ ಒಬ್ಬ ಹುಡುಗ ಅವಳಿಗೆ ಒಂದು ದಿನದ ಕೂಲಿ ಉಳಿಸಿಕೊಡುತ್ತಾನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಆದರೆ ಪಡಿತರ ಚೀಟಿ ತಂದಿಲ್ಲ, ಆಧಾರ್‌ನಲ್ಲಿ ಹೆಸರು ಬೇರೆಯಾಗಿದೆ, ಶಿಫಾರಸು ಪತ್ರವಿಲ್ಲ ಎಂದು ಎಷ್ಟು ಮಂದಿ ಹಿಂದಿರುಗುತ್ತಾರೆ! 1948ರ ಕಾಯ್ದೆಯಿಂದ ಹುಟ್ಟಿ 1952ರಲ್ಲಿ ಕಾನ್ಪುರ, ದೆಹಲಿಗಳಲ್ಲಿ ಮೊದಲು ಜಾರಿಗೆ ಬಂದ ಇ.ಎಸ್.ಐ. ಯೋಜನೆಯ ಕಥೆಯೂ ಅದೇ. ಹಕ್ಕು ಕಾಗದದ ಮೇಲಿದೆ, ಕಾಗದ ಓದುವವರಿಲ್ಲ. ಈ ಕಾಗದಗಳನ್ನು ಕಲಿಯಿರಿ. ಇದು ನಮ್ಮ ಸಂಘಗಳಿಗೂ ಬೇಕಾದ ವಿದ್ಯೆ.

ಗಾಲಿ ಕುರ್ಚಿ ತಳ್ಳಿರಿ. ಬಿಹಾರದಿಂದಲೋ ಒಡಿಶಾದಿಂದಲೋ ಬಂದು ಇಲ್ಲಿ ಕಟ್ಟಡದ ಕೆಲಸ ಮಾಡುವವನು ಬಿದ್ದು ಬಂದಾಗ, ಹಿಂದಿ ಬಲ್ಲವರು ಅವನ ಮಾತನ್ನು ನರ್ಸಿಗೆ ತಿಳಿಸಿರಿ. ನರ್ಸು ಒಪ್ಪಿದರೆ ಕೈಯಿಲ್ಲದವನಿಗೆ ಊಟ ಮಾಡಿಸಿರಿ. ನರ್ಸು ಒಪ್ಪಿದರೆ ಎಂದೆ, ನೆನಪಿರಲಿ. ಶಸ್ತ್ರಚಿಕಿತ್ಸೆಗೆ ಹೋಗುವವನಿಗೆ ಕರುಣೆಯಿಂದ ಕೊಟ್ಟ ಒಂದು ಲೋಟ ಹಾಲು ಅವನ ಪ್ರಾಣಕ್ಕೇ ಬರಬಹುದು.

ನೋಡುವುದು ಕೂಡ ಕೆಲಸವೇ. ಆಸ್ಪತ್ರೆಗೂ ಗಿರಣಿಯ ಹಾಗೆ ಪಾಳಿಗಳಿವೆ. ಪಾಳಿ ಬದಲಾಗುವಾಗ ಹೋಗುವ ನರ್ಸು ಬರುವ ನರ್ಸಿಗೆ ಪ್ರತಿಯೊಂದು ಹಾಸಿಗೆಯ ಲೆಕ್ಕ ಒಪ್ಪಿಸುತ್ತಾಳೆ. ಯಾರಿಗೆ ಜ್ವರ ಏರಿತು, ಯಾರಿಗೆ ಮೂತ್ರ ಕಡಿಮೆಯಾಯಿತು, ಯಾವ ಔಷಧ ಎಷ್ಟು ಗಂಟೆಗೆ. ಮಗ್ಗದ ಮೇಲೆ ಎಳೆ ಕಡಿದಿರುವುದನ್ನು ಹೇಳದೆ ಹೋದವನಿಂದ ಬಟ್ಟೆ ಕೆಡುತ್ತದೆ. ಇಲ್ಲಿ ಹೇಳದೆ ಹೋದರೆ ಮನುಷ್ಯ ಕೆಡುತ್ತಾನೆ. ಒಬ್ಬ ನರ್ಸು ಎಷ್ಟು ಹಾಸಿಗೆ ನೋಡುತ್ತಾಳೆ, ಎಷ್ಟು ಹೊತ್ತು ನಿಲ್ಲುತ್ತಾಳೆ, ಯಾವಾಗ ಊಟ ಮಾಡುತ್ತಾಳೆ ಎಂದು ಲೆಕ್ಕ ಹಾಕಿ. ಆ ಕೆಲಸಕ್ಕೆ ಹೋಗಬೇಕೆನ್ನುವವರಿಗೆ ಇದಕ್ಕಿಂತ ದೊಡ್ಡ ಪಾಠವಿಲ್ಲ. ದಿನದ ಕೊನೆಗೆ ಒಂದು ಪುಸ್ತಕದಲ್ಲಿ ಕಂಡದ್ದನ್ನು ಬರೆಯಿರಿ. ರೋಗಿಯ ಹೆಸರು ಮಾತ್ರ ಬರೆಯಬೇಡಿ.

ಏಕೆಂದರೆ ಗುಟ್ಟು ಕಾಯುವುದು ಈ ಸೇವೆಯ ಮೊದಲ ನಿಯಮ. ನಮ್ಮದು ಸಣ್ಣ ಊರು. ವಾರ್ಡಿನಲ್ಲಿ ಮಲಗಿದವನು ನಿಮ್ಮ ಬೀದಿಯವನೇ ಆಗಿರುತ್ತಾನೆ. ಅವನಿಗೆ ಕ್ಷಯವೆಂದು ನೀವು ಚಹಾದಂಗಡಿಯಲ್ಲಿ ಆಡಿದ ಒಂದು ಮಾತಿನಿಂದ ಅವನ ಅಂಗಡಿಗೆ ಗಿರಾಕಿ ಬರುವುದಿಲ್ಲ, ಅವನ ತಂಗಿಯ ಮದುವೆ ನಿಂತು ಹೋಗುತ್ತದೆ. ಎಚ್‌ಐವಿ ರೋಗಿಯ ಸುದ್ದಿಯನ್ನು ಹೊರಗೆ ಹೇಳಕೂಡದೆಂದು 2017ರ ಕಾಯ್ದೆಯೇ ಇದೆ. ಕಾಯ್ದೆ ಇಲ್ಲದಿದ್ದರೂ ಇದು ಮನುಷ್ಯತ್ವದ ಮಾತು. ಫೋನಿನಲ್ಲಿ ವಾರ್ಡಿನ ಚಿತ್ರ ತೆಗೆಯುವವನು ಸೇವೆಗೆ ಬಂದವನಲ್ಲ, ಮೆರವಣಿಗೆಗೆ ಬಂದವನು.

ಇನ್ನು ಮಾಡಕೂಡದ್ದು. ಇಂಜೆಕ್ಷನ್ ಕೊಡಬೇಡಿ. ಸಲೈನ್ ಹಾಕಬೇಡಿ, ತೆಗೆಯಬೇಡಿ. ಹೊಲಿಗೆಗೆ ಕೈ ಹಾಕಬೇಡಿ. ಮಾತ್ರೆಯ ಹೆಸರು ಗೊತ್ತಿದ್ದರೂ ಸಲಹೆ ಕೊಡಬೇಡಿ. ‘ನೀನು ಜಾಣ, ಚುಚ್ಚಿ ಕಲಿತುಕೋ’ ಎಂದು ಯಾರಾದರೂ ಸಿರಿಂಜು ಕೈಗಿತ್ತರೆ, ಬೇಡ ಎನ್ನಿ. ಬಡವನ ತೋಳು ನಿಮ್ಮ ಕಲಿಕೆಯ ಪಾಟಿಯಲ್ಲ. ದಲ್ಲಿ ರಾಜಹರದ ಕೂಲಿಗಳು ಪಟ್ಟಿ ಕಟ್ಟಿದರಲ್ಲ ಎಂದು ನೀವು ಕೇಳಬಹುದು. ಅವರಿಗೆ ವೈದ್ಯರು ಕ್ರಮವಾಗಿ ಪಾಠ ಹೇಳಿದ್ದರು, ಪಕ್ಕದಲ್ಲಿ ನಿಂತು ಮಾಡಿಸುತ್ತಿದ್ದರು, ವರ್ಷಗಟ್ಟಲೆ. ಮೂರು ತಿಂಗಳಿಗೆ ಬಂದವರ ಲೆಕ್ಕ ಬೇರೆ. ಅರೆಕಲಿಕೆ ಏನು ಮಾಡುತ್ತದೆ ಎಂಬುದಕ್ಕೆ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಂಗಾರ್‌ಮೌ ಸಾಕ್ಷಿ. ಅಲ್ಲಿ ನಕಲಿ ವೈದ್ಯನೊಬ್ಬ ಒಂದೇ ಸೂಜಿಯನ್ನು ಹಲವರಿಗೆ ಚುಚ್ಚುತ್ತಿದ್ದನೆಂಬುದು 2018ರಲ್ಲಿ ಬಯಲಾಯಿತು. ನಲವತ್ತಕ್ಕೂ ಹೆಚ್ಚು ಮಂದಿಗೆ ಎಚ್‌ಐವಿ ತಗುಲಿರುವುದು ಕಂಡುಬಂತು. ಅವರೆಲ್ಲ ಹತ್ತು ರೂಪಾಯಿ ಉಳಿಸಲು ಅವನ ಬಳಿಗೆ ಹೋಗುವಂತಹ ಬಡವರು.

ಕಲಿತವರ ಕೈ ಕೂಡ ತೊಳೆಯದಿದ್ದರೆ ಕೊಲ್ಲುತ್ತದೆ. 1847ರಲ್ಲಿ ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಸೆಮ್ಮೆಲ್ವೈಸ್ ಎಂಬ ವೈದ್ಯರು ಒಂದು ವಿಚಿತ್ರ ಕಂಡರು. ಸೂಲಗಿತ್ತಿಯರು ನೋಡುವ ವಾರ್ಡಿನಲ್ಲಿ ಸಾವು ಕಡಿಮೆ, ವೈದ್ಯ ವಿದ್ಯಾರ್ಥಿಗಳು ನೋಡುವ ವಾರ್ಡಿನಲ್ಲಿ ಸಾವು ಹೆಚ್ಚು. ವಿದ್ಯಾರ್ಥಿಗಳು ಹೆಣ ಕೊಯ್ದ ಕೈಯಲ್ಲೇ ಹೆರಿಗೆಗೆ ಬರುತ್ತಿದ್ದರು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಿರೆಂದು ಅವರು ಕಟ್ಟಳೆ ಮಾಡಿದರು. ಆ ವಾರ್ಡಿನಲ್ಲಿ ಏಪ್ರಿಲ್ ತಿಂಗಳು ನೂರಕ್ಕೆ 18 ಬಾಣಂತಿಯರು ಸತ್ತಿದ್ದರು. ಜೂನ್ ತಿಂಗಳಿಗೆ ಅದು ನೂರಕ್ಕೆ 2ಕ್ಕೆ ಇಳಿಯಿತು. ದೊಡ್ಡ ವೈದ್ಯರು ಮಾತ್ರ ಬಹುಕಾಲ ಒಪ್ಪಲಿಲ್ಲ. ತಮ್ಮ ಕೈಯೇ ಮೃತ್ಯುವೆಂದು ಒಪ್ಪುವುದು ಸುಲಭವೇ? ಆದುದರಿಂದ ಪ್ರತಿ ರೋಗಿಯ ಬಳಿ ಹೋಗುವ ಮುಂಚೆ, ಬಂದ ಮೇಲೆ, ಸೋಪು ಹಚ್ಚಿ 40ರಿಂದ 60 ಸೆಕೆಂಡು ಕೈ ತೊಳೆಯಿರಿ. ಅದು ನಿಮ್ಮ ಮೊದಲ ವೈದ್ಯಶಾಸ್ತ್ರ.

ನಿಮ್ಮ ಮೈಯನ್ನೂ ಕಾಯ್ದುಕೊಳ್ಳಬೇಕು. ಹೋಗುವ ಮುಂಚೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಿ. ಮೂರು ಸಲ: ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ. ಕಸದ ಬುಟ್ಟಿಗಳ ಬಣ್ಣ ಕಲಿಯಿರಿ. 2016ರ ನಿಯಮದಂತೆ ರಕ್ತ ಹತ್ತಿದ ಹತ್ತಿ ಬಟ್ಟೆ ಹಳದಿಗೆ, ಪ್ಲಾಸ್ಟಿಕ್ ನಳಿಕೆ ಕೆಂಪಿಗೆ, ಸೂಜಿ ಬ್ಲೇಡು ಬಿಳಿಯ ಗಟ್ಟಿ ಡಬ್ಬಿಗೆ, ಗಾಜು ನೀಲಿಗೆ. ತಪ್ಪಿ ಸೂಜಿ ಚುಚ್ಚಿದರೆ ಹಿಂಡಬೇಡಿ, ನೀರು ಸೋಪಿನಲ್ಲಿ ತೊಳೆದು ಆ ಕ್ಷಣವೇ ವೈದ್ಯರಿಗೆ ಹೇಳಿ. ಎಚ್‌ಐವಿ ತಡೆಯುವ ಮಾತ್ರೆಯನ್ನು ಆದಷ್ಟು ಬೇಗ, ತಡವೆಂದರೆ 72 ಗಂಟೆಯೊಳಗೆ ಶುರು ಮಾಡಬೇಕು. ನಾಚಿಕೆಯಿಂದ ಮುಚ್ಚಿಡಬೇಡಿ. ಕಸದ ಬುಟ್ಟಿಯ ಬಣ್ಣ ನಿಮ್ಮ ಸಲುವಾಗಿ ಮಾತ್ರವಲ್ಲ. ಬುಟ್ಟಿ ಹೊರುವ ಪೌರ ಕೆಲಸಗಾರನ ಅಂಗೈಯ ಸಲುವಾಗಿಯೂ ಹೌದು.

ಈಗ ಮೂರನೆಯ ಮಾತಿಗೆ ಬರುತ್ತೇನೆ. ಇದನ್ನು ತಂದೆ ತಾಯಂದಿರು ಗಮನವಿಟ್ಟು ಕೇಳಬೇಕು.

ಅನುಭವ ಕೊಡುತ್ತೇವೆಂದು ಹುಡುಗಿಯರನ್ನು ಕರೆದು, ಬಣ್ಣದ ಅಂಗಿ ತೊಡಿಸಿ, ದಿನಕ್ಕೆ ಹನ್ನೆರಡು ಗಂಟೆ ನಿಲ್ಲಿಸಿ, ಸಂಬಳಕ್ಕೆ ಬದಲು ಬಸ್ ಚಾರ್ಜು ಕೊಡುವ ಜಾಗಗಳಿವೆ. ರೋಗಿಯ ಬಿಲ್ಲಿನಲ್ಲಿ ನರ್ಸಿಂಗ್ ಚಾರ್ಜು ಬರೆಯುತ್ತಾರೆ. ಆ ನರ್ಸಿಂಗ್ ಮಾಡಿದವಳು ಎಸ್ಸೆಸ್ಸೆಲ್ಸಿ ಮುಗಿಸಿದ ನಿಮ್ಮ ಮಗಳು. ಹಣ ಮಾಲೀಕನಿಗೆ, ಅನುಭವ ಅವಳಿಗೆ, ಅಪಾಯ ರೋಗಿಗೆ. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬಂತೆ, ಸೇವೆಯ ಮಾತೂ ಬೇಕು, ಕೂಲಿ ಉಳಿತಾಯವೂ ಬೇಕು. ಎರಡು ವರ್ಷ ಕಳೆದ ಮೇಲೆ ಅವಳ ಕೈಯಲ್ಲಿ ಉಳಿಯುವುದು ಯಾವ ಪರಿಷತ್ತೂ ಮಾನ್ಯ ಮಾಡದ ಒಂದು ಕಾಗದ. ನರ್ಸ್ ಎನ್ನಿಸಿಕೊಳ್ಳಲು ಮಾನ್ಯತೆಯ ಶಾಲೆಯಲ್ಲಿ ಓದಿ ಪರಿಷತ್ತಿನಲ್ಲಿ ನೋಂದಾಯಿಸಬೇಕು. ವಾರ್ಡಿನಲ್ಲಿ ನಿಂತ ಮಾತ್ರಕ್ಕೆ ಯಾರೂ ನರ್ಸ್ ಆಗುವುದಿಲ್ಲ.

ಸೇವೆ ಯಾವುದು, ಬಿಟ್ಟಿ ಯಾವುದು ಎಂದು ತಿಳಿಯಲು ಕೆಲವು ಗುರುತುಗಳಿವೆ. ಬಾರದ ದಿನಕ್ಕೆ ದಂಡವಿದೆಯೇ? ಅದು ಸೇವೆಯಲ್ಲ, ನೌಕರಿ. ನೌಕರಿಗೆ ಸಂಬಳ ಬೇಕು. ನೀವು ಬಂದ ಮೇಲೆ ಸಂಬಳದ ಆಯಾ ಒಬ್ಬಳನ್ನು ಬಿಡಿಸಿದರೇ? ನೀವು ಸೇವೆ ಮಾಡುತ್ತಿಲ್ಲ, ಒಬ್ಬಳ ಅನ್ನ ಕಸಿಯಲು ಬಳಕೆಯಾಗುತ್ತಿದ್ದೀರಿ. ಕಲಿಸುವವರು ಯಾರೆಂದು ಹೆಸರು ಹೇಳುವುದಿಲ್ಲವೇ? ಅಲ್ಲಿ ಕಲಿಕೆ ಇಲ್ಲ. ಸರ್ಟಿಫಿಕೇಟಿಗೆ ಹಣ ಕೇಳುತ್ತಾರೆಯೇ? ಅದು ಅಂಗಡಿ. ನಮ್ಮ ಸಂವಿಧಾನದ 23ನೆಯ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿದೆ. 1982ರಲ್ಲಿ ಸುಪ್ರೀಂ ಕೋರ್ಟು, ದೆಹಲಿಯ ಏಷ್ಯನ್ ಕ್ರೀಡೆಗಳ ಕಟ್ಟಡ ಕೂಲಿಗಳ ಮೊಕದ್ದಮೆಯಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಹೇಳಿತು. ಹಸಿವು ಮತ್ತು ಬಡತನದ ಒತ್ತಾಯವೂ ಒಂದು ಬಲವಂತವೇ ಎಂಬುದು ಆ ತೀರ್ಪಿನ ತಿರುಳು. ಕಾರ್ಖಾನೆಯಲ್ಲಿ ಕೆಲಸ ಕಲಿಯುವ ಹುಡುಗನಿಗೂ 1961ರ ಅಪ್ರೆಂಟಿಸ್ ಕಾಯ್ದೆಯಂತೆ ಸ್ಟೈಪೆಂಡ್ ಇದೆ. ಆಸ್ಪತ್ರೆಯ ಗೋಡೆಗೆ ಬಿಳಿ ಬಣ್ಣವಿದೆಯೆಂದು ನ್ಯಾಯ ಬೇರೆಯಾಗುವುದಿಲ್ಲ.

ಸರ್ಕಾರವೂ ಈ ಮಾತಿನ ಆಟ ಆಡುತ್ತದೆ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಆಶಾ ಕಾರ್ಯಕರ್ತೆಯರನ್ನು ತಂದಾಗ ಅವರನ್ನು ಸ್ವಯಂಸೇವಕಿಯರೆಂದು ಕರೆದರು. ಬಸುರಿಯನ್ನು ಆಸ್ಪತ್ರೆಗೆ ಒಯ್ಯುವವಳು ಅವಳು, ಲಸಿಕೆಗೆ ಮಕ್ಕಳನ್ನು ಕರೆತರುವವಳು ಅವಳು, ಕೊರೋನಾ ಕಾಲದಲ್ಲಿ ಮನೆಮನೆ ತಿರುಗಿದವಳು ಅವಳು. ಆದರೆ ಸ್ವಯಂಸೇವಕಿ ಎಂಬ ಹೆಸರಿನ ಕಾರಣ ಅವಳಿಗೆ ಸಂಬಳವಿಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ನಮ್ಮ ರಾಜ್ಯದಲ್ಲಿಯೂ ಅವರು ಮತ್ತೆ ಮತ್ತೆ ಬೀದಿಗಿಳಿದು ಹೋರಾಡಬೇಕಾಗಿದೆ. ಆದುದರಿಂದ ಸೇವೆ ಎಂಬ ಮಾತು ಕೇಳಿದೊಡನೆ ಕೈ ಮುಗಿಯಬೇಡಿ. ಇದರ ಲಾಭ ಯಾರಿಗೆ ಎಂದು ಕೇಳಿ.

ಒಂದು ಕಷ್ಟದ ಪ್ರಶ್ನೆ ಉಳಿದಿದೆ. ಆಸ್ಪತ್ರೆಯ ನಾಲ್ಕನೆಯ ದರ್ಜೆಯವರೋ ಗುತ್ತಿಗೆಯ ನರ್ಸುಗಳೋ ಮುಷ್ಕರ ಹೂಡಿದರೆ ಸೇವೆಗೆ ಬಂದ ಹುಡುಗ ಏನು ಮಾಡಬೇಕು? ರೋಗಿಯನ್ನು ಬಿಟ್ಟು ಹೋಗುವುದು ಕ್ರೌರ್ಯ. ಮುಷ್ಕರ ಹೂಡಿದವರ ಜಾಗದಲ್ಲಿ ನಿಲ್ಲುವುದು ದ್ರೋಹ. ನನ್ನ ಉತ್ತರ ಇದು: ಬಾಯಾರಿದವನಿಗೆ ನೀರು ಕೊಡಿ, ಬಿದ್ದವನನ್ನು ಎತ್ತಿ. ಇದು ಮನುಷ್ಯನ ಕೆಲಸ, ಯಾವ ಹುದ್ದೆಯ ಕೆಲಸವೂ ಅಲ್ಲ. ಆದರೆ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ನಿಮ್ಮ ರುಜು ಬೀಳಕೂಡದು. ಗಿರಣಿಯಲ್ಲಿ ಮುಷ್ಕರ ಕಂಡ ಮನೆಯ ಮಕ್ಕಳಿಗೆ ಈ ವ್ಯತ್ಯಾಸ ಬೇಗ ಅರ್ಥವಾಗುತ್ತದೆ.

ಇನ್ನೂ ಒಂದು ಮಾತು. ಸಂಬಳವಿಲ್ಲದ ಅನುಭವ ಯಾರಿಗೆ ಸುಲಭ? ಮನೆಯಲ್ಲಿ ಅನ್ನವಿದ್ದವನಿಗೆ. ಸಂಜೆ ಅಂಗಡಿಯಲ್ಲಿ ತೂಕ ಮಾಡಿ ಮನೆ ನಡೆಸುವ ಹುಡುಗನಿಗೆ ಎರಡು ಗಂಟೆಯೂ ದುಬಾರಿಯೇ. ಸೇವೆ ಸಿರಿವಂತರ ಮಕ್ಕಳ ಅಲಂಕಾರವಾಗಬಾರದು. ಆದುದರಿಂದ ನನ್ನದೊಂದು ಸೂಚನೆ. ಕಾರ್ಮಿಕ ಸಂಘವೂ ವ್ಯಾಪಾರಿಗಳ ಸಂಘವೂ ಸೇರಿ ಸಣ್ಣ ನಿಧಿ ಕಟ್ಟಲಿ. ಹೋಗುವ ಹುಡುಗ ಹುಡುಗಿಯರ ಬಸ್ ಚಾರ್ಜು, ತಿಂಡಿ, ಲಸಿಕೆಯ ಖರ್ಚು ಅದರಿಂದ ಹೋಗಲಿ. ಸರ್ಕಾರಿ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗಳ ಬಳಿ ನಾವೇ ನಿಯೋಗ ಹೋಗಿ ಬರಹದ ಮೂಲಕ ಒಪ್ಪಂದ ಮಾಡಿಕೊಳ್ಳೋಣ. ಹದಿನೆಂಟು ತುಂಬಿದವರು ಮಾತ್ರ. ಮೂರು ತಿಂಗಳು, ವಾರಕ್ಕೆರಡು ದಿನ, ದಿನಕ್ಕೆ ಎರಡು ಗಂಟೆ. ಕಲಿಸುವ ನರ್ಸು ಯಾರೆಂಬುದು ಕಾಗದದಲ್ಲಿರಲಿ. ಏನು ಮಾಡಬಹುದು, ಏನು ಮಾಡಕೂಡದು ಎಂಬ ಪಟ್ಟಿ ಇರಲಿ. ಸೂಜಿ ಚುಚ್ಚಿದರೆ ಚಿಕಿತ್ಸೆಯ ಹೊಣೆ ಆಸ್ಪತ್ರೆಯದೆಂದು ಇರಲಿ. ಖಾಲಿ ಹುದ್ದೆಗಳನ್ನು ತುಂಬಬೇಕೆಂಬ ಬೇಡಿಕೆಯನ್ನೂ ಅದೇ ದಿನ ಅದೇ ಮೇಜಿನ ಮೇಲೆ ಇಡೋಣ. ನಮ್ಮ ಮಕ್ಕಳು ಬರುತ್ತಾರೆಂದು ನರ್ಸುಗಳ ನೇಮಕ ನಿಲ್ಲಬಾರದು.

ಹೀಗೆ ಹೋದ ಹತ್ತು ಮಂದಿಯಲ್ಲಿ ನಾಲ್ವರು ‘ಇದು ನನ್ನಿಂದಾಗದು’ ಎಂದು ಹಿಂದಿರುಗಿದರೆ ಅದು ಸೋಲಲ್ಲ. ನಾಲ್ಕು ಮನೆಗಳ ಸಾಲ ಉಳಿಯಿತು. ಉಳಿದ ಆರು ಮಂದಿ ತಾವು ಯಾವ ಕೆಲಸಕ್ಕೆ ಹೋಗುತ್ತಿದ್ದೇವೆ ಎಂದು ತಿಳಿದು ಹೋಗುತ್ತಾರೆ. ಹತ್ತೂ ಮಂದಿಗೆ ಬಡವನ ಚೀಟಿ ಯಾವ ಕಿಟಕಿಯಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ತಿಳಿದಿರುತ್ತದೆ, ಮತ್ತು ಆ ವಿದ್ಯೆ ಬೀದಿಯಲ್ಲಿ ಉಳಿಯುತ್ತದೆ.

ನಿಯೋಗ ಹೋಗುವ ದಿನವನ್ನು ಈ ಸಭೆ ಮುಗಿಯುವ ಮೊದಲೇ ಗೊತ್ತು ಮಾಡಬೇಕೆಂದು ಅಧ್ಯಕ್ಷರನ್ನು ಕೇಳಿಕೊಳ್ಳುತ್ತೇನೆ. ಹೆಸರು ಕೊಡುವವರು ತಂದೆ ತಾಯಿಯರನ್ನು ಕೇಳಿ ಕೊಡಿರಿ. ತಂದೆ ತಾಯಿಯರು, ಕೇಳಿದ ಮಕ್ಕಳನ್ನು ತಡೆಯಬೇಡಿರಿ.